ಗೃಹಸ್ಥರ ವ್ಯವಹಾರ: ಬೆಲೆಬಾಳುವ ಕೈಗಡಿಯಾರ

ನಮ್ಮ ವಾಚಕರಲ್ಲೊಬ್ಬರು, ಮೂವತ್ತೈದು ವರ್ಷ ಉಪಾಧ್ಯಾಯ ವೃತ್ತಿಯನ್ನು ನಡೆಸಿ ಈಚೆಗೆ ನಿವೃತ್ತರಾದವರು, ಧಾರವಾಡದ ಕಡೆಯಿಂದ ನಮಗೊಂದು ಕಾಗದ ಬರೆದಿರುವರು. ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣದಲ್ಲಿ ಒಂದು ಭಾಗವನ್ನು ತೆಗೆದಿಟ್ಟು, ಬ್ಯಾಟರಿಯ ಹಂಗಿಲ್ಲದೆ ಕೀಲಿಯಿಂದ ನಡೆಯುವ ಸ್ವಿಟ್ಸರ್ಲೆಂಡಿನ ಉತ್ತಮ ಕೈಗಡಿಯಾರವೊಂದನ್ನು ಕೊಳ್ಳಬೇಕೆಂದು ಅವರ ಮನೋರಥ. ಕೆಲವು ಕಾಲ ತಾವು ಧರಿಸಿ ಅನಂತರ ಮಗಳಿಗೆ ಕೊಡುವುದೆಂದು ಸಂಕಲ್ಪ. “ಮೂರು ಲಕ್ಷ ರೂಪಾಯಿಗಳವರೆಗೆ ಸಿದ್ಧನಿದ್ದೇನೆ; ಯಾವುದನ್ನು ಕೊಳ್ಳಲಿ?” ಎಂಬುದು ಪ್ರಶ್ನೆ. ಕಾಗದದ ಅಡಿಯಲ್ಲಿ ಬೇರೆ ಅಕ್ಷರದಲ್ಲಿ ಎರಡು ಸಾಲುಗಳಿವೆ: “ಗೋಡೆಯ ಮೇಲೆ ಒಂದು ಗಡಿಯಾರ, ಇಬ್ಬರ ಕೈಯಲ್ಲಿ ಒಂದೊಂದು ಫೋನು ಇವೆ. ನಮ್ಮ ಮನೆಯಲ್ಲಿ ಹೊತ್ತು ತಿಳಿಯದವರು ಯಾರೂ ಇಲ್ಲ.” ಇದು ಗೃಹಿಣಿಯ ಹಸ್ತಾಕ್ಷರವೆಂದು ಊಹಿಸಲು ಬಹಳ ಬುದ್ಧಿ ಬೇಕಾಗಲಿಲ್ಲ.

ಎರಡು ಮಾತುಗಳೂ ಯೋಗ್ಯವಾದುವೇ ಸರಿ. ಆದರೆ ಮೊದಲು ಉತ್ತರ ಕೊಡಬೇಕಾದುದು ಎರಡನೆಯದಕ್ಕೆ. ಹೊತ್ತು ತಿಳಿಯುವುದಕ್ಕಾಗಿಯೇ ಗಡಿಯಾರವನ್ನು ಕೊಳ್ಳುವುದಾದರೆ ಮೂರು ಲಕ್ಷವಿರಲಿ, ಮೂರು ಸಾವಿರವೂ ಹೆಚ್ಚು. ಇದನ್ನು ಅಂಗಡಿಯವರು ಹೇಳಲಾರರು. ಆದುದರಿಂದ ನಾವು ಹೇಳುತ್ತೇವೆ.

ಬ್ಯಾಟರಿಯಿಂದ ನಡೆಯುವ ಗಡಿಯಾರದೊಳಗೆ ಕ್ವಾರ್ಟ್ಸ್ ಎಂಬ ಸ್ಫಟಿಕದ ಸಣ್ಣ ತುಂಡೊಂದಿರುವುದು. ಅದು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಸಾಧಾರಣವಾದ ಇಂತಹ ಗಡಿಯಾರವು ತಿಂಗಳಿಗೆ ಹದಿನೈದು ಸೆಕೆಂಡುಗಳಷ್ಟು ಹಿಂದೆಯೋ ಮುಂದೆಯೋ ಹೋದೀತು. ಸ್ವಿಟ್ಸರ್ಲೆಂಡಿನಲ್ಲಿ ಪರೀಕ್ಷೆಗೊಳಗಾಗಿ ‘ಕ್ರೊನಾಮೀಟರ್’ ಎಂಬ ಬಿರುದನ್ನು ಪಡೆದ ಕೀಲಿಯ ಗಡಿಯಾರಕ್ಕಾದರೋ, ದಿನವೊಂದಕ್ಕೆ ಸರಾಸರಿಯಲ್ಲಿ ನಾಲ್ಕು ಸೆಕೆಂಡು ಹಿಂದುಳಿಯುವುದಕ್ಕೂ ಆರು ಸೆಕೆಂಡು ಮುಂದೋಡುವುದಕ್ಕೂ ಅನುಮತಿಯುಂಟು. ಎಂದರೆ ತಿಂಗಳಿಗೆ ಮೂರು ನಿಮಿಷಗಳವರೆಗೆ. ಬೆಲೆಯಲ್ಲಿ ನೂರರಷ್ಟಿದ್ದು ನಿಖರತೆಯಲ್ಲಿ ಹಿಂದೆ ಬಿದ್ದ ಸರಕು ಇದು.

ಸ್ಫಟಿಕದ ಕೈಗಡಿಯಾರವನ್ನು ಮೊಟ್ಟಮೊದಲು ಪೇಟೆಗೆ ತಂದವರು ಜಪಾನಿನ ಸೀಕೋ ಕಾರ್ಖಾನೆಯವರು. ೧೯೬೯ನೆಯ ಡಿಸೆಂಬರ್ ೨೫ರಂದು, ಟೋಕಿಯೋ ನಗರದಲ್ಲಿ. ಆಗ ಅದರ ಬೆಲೆ ೪,೫೦,೦೦೦ ಯೆನ್. ಒಂದು ಸಣ್ಣ ಮೋಟಾರು ಕಾರಿನ ಬೆಲೆ. ಹತ್ತು ಹದಿನೈದು ವರ್ಷಗಳೊಳಗೆ ಅಂತಹುದೇ ಯಂತ್ರ ಸಂತೆಯ ಸರಕಾಯಿತು. ೧೯೭೦ರಲ್ಲಿ ಸ್ವಿಟ್ಸರ್ಲೆಂಡಿನ ಗಡಿಯಾರದ ಕಸುಬನ್ನು ನಂಬಿ ಸುಮಾರು ೯೦,೦೦೦ ಮಂದಿ ಕೆಲಸಗಾರರಿದ್ದರು. ೧೯೮೦ರ ದಶಕದ ಮಧ್ಯದ ಹೊತ್ತಿಗೆ ೩೦,೦೦೦ಕ್ಕೆ ಸ್ವಲ್ಪ ಮೇಲ್ಪಟ್ಟು ಉಳಿದರು. ಹಳ್ಳಿಗೆ ಹಳ್ಳಿಗಳೇ ಕೆಲಸ ಕಳೆದುಕೊಂಡವು. ಉಳಿದವರು ಒಂದು ಉಪಾಯವನ್ನು ಕಂಡುಕೊಂಡರು. ಹೊತ್ತನ್ನು ಮಾರುವುದನ್ನು ಬಿಟ್ಟು ಕೈಗೆಲಸವನ್ನು ಮಾರತೊಡಗಿದರು. ಆ ವ್ಯಾಪಾರವೇ ಈಗ ನಡೆಯುತ್ತಿರುವುದು.

ಇದರಲ್ಲಿ ಮೋಸವೇನೂ ಇಲ್ಲ. ಕೈಮಗ್ಗದ ಇಳಕಲ್ ಸೀರೆಯನ್ನು ಉಟ್ಟವರನ್ನು “ಗಿರಣಿಯ ಸೀರೆ ಮೈ ಮುಚ್ಚುವುದಿಲ್ಲವೆ?” ಎಂದು ಯಾರೂ ಕೇಳುವುದಿಲ್ಲವಷ್ಟೆ. (ಉಪಾಧ್ಯಾಯರು ಈ ಉತ್ತರವನ್ನು ಮನೆಯಲ್ಲಿ ಉಪಯೋಗಿಸಬಹುದು, ಆದರೆ ಅದರ ಫಲವಾಗಿ ಒಂದು ಇಳಕಲ್ ಸೀರೆಯನ್ನೂ ಕೊಳ್ಳಬೇಕಾಗಿ ಬಂದರೆ ನಾವು ಜವಾಬುದಾರರಲ್ಲ.) ಕೀಲಿಯ ಗಡಿಯಾರಕ್ಕೆ ಇನ್ನೊಂದು ಗುಣವೂ ಉಂಟು. ಬ್ಯಾಟರಿಯ ಗಡಿಯಾರದ ವಿದ್ಯುತ್ ಭಾಗ ಕೆಟ್ಟರೆ ಬಹುಮಟ್ಟಿಗೆ ಇಡೀ ಯಂತ್ರವನ್ನೇ ತೆಗೆದು ಬಿಸುಡಬೇಕಾಗುವುದು. ಕೀಲಿಯ ಗಡಿಯಾರದಲ್ಲಿ ಸವೆದ ಚಕ್ರವನ್ನು ಬದಲಾಯಿಸಬಹುದು. ಚಕ್ರ ಸಿಕ್ಕದಿದ್ದರೆ ನಿಪುಣನಾದವನು ಹೊಸದಾಗಿ ಮಾಡಿಯೂ ಕೂರಿಸಬಲ್ಲನು. ಮಗಳಿಗೆ ಕೊಡಬೇಕೆಂಬ ಸಂಕಲ್ಪವು ಈ ಒಂದು ಗುಣದ ಮೇಲೆಯೇ ನಿಂತಿರುವುದು. ಆದುದರಿಂದ “ಯಾವುದನ್ನು ಕೊಳ್ಳಲಿ?” ಎಂಬುದಕ್ಕಿಂತ ಮುಂಚೆ “ಇದನ್ನು ನಾಳೆ ಬಿಚ್ಚಿ ಸರಿಮಾಡುವವರು ಯಾರು?” ಎಂದು ಕೇಳಬೇಕೆಂಬುದೇ ನಮ್ಮ ಅಭಿಪ್ರಾಯ.

ಬಿಚ್ಚಿದಾಗ ಒಳಗೆ ಏನಿರುವುದೆಂಬುದನ್ನು ಸ್ವಲ್ಪ ತಿಳಿದಿರುವುದು ಲೇಸು. ಒಂದು ಪುಟ್ಟ ಡಬ್ಬಿಯೊಳಗೆ ಸುತ್ತಿಟ್ಟ ಉಕ್ಕಿನ ಪಟ್ಟಿಯಂತಹ ಸ್ಪ್ರಿಂಗು. ಕೀಲಿ ಕೊಟ್ಟಾಗ ಬಿಗಿಯಾಗುವುದು ಅದೇ. ಅದು ಬಿಚ್ಚಿಕೊಳ್ಳುವ ಬಲವನ್ನು ಹಲ್ಲಿನ ಚಕ್ರಗಳ ಸಾಲೊಂದು ಮುಂದಕ್ಕೆ ಒಯ್ಯುವುದು. ತಡೆಯಿಲ್ಲದೆ ಬಿಟ್ಟರೆ ಆ ಬಲವೆಲ್ಲ ಕ್ಷಣಮಾತ್ರದಲ್ಲಿ ಭರ್ರನೆ ಬಿಚ್ಚಿಹೋದೀತು. ಹಾಗಾಗದಂತೆ ಚಕ್ರವನ್ನು ಒಂದೊಂದೇ ಹಲ್ಲಾಗಿ ಬಿಡುವುದಕ್ಕೆ ಲಂಗರಿನ ಆಕಾರದ ಸಣ್ಣ ಸನ್ನೆಯೊಂದಿದೆ. ಇಂಗ್ಲೆಂಡಿನ ಥಾಮಸ್ ಮಜ್ ಎಂಬ ಕುಶಲಿಯು ಸುಮಾರು ೧೭೫೫ರಲ್ಲಿ ಕಂಡುಹಿಡಿದ ಈ ಏರ್ಪಾಡೇ ಅಲ್ಪ ಸ್ವಲ್ಪ ಮಾರ್ಪಾಡಿನೊಡನೆ ಇಂದಿಗೂ ನಡೆದುಬಂದಿದೆ. ನಾವು ಕೇಳುವ ಟಿಕ್ ಟಿಕ್ ಎಂಬ ಸದ್ದು ಈ ಸನ್ನೆಯದು. ಸನ್ನೆಗೆ ತಾಳ ಹಾಕುವುದು ಬ್ಯಾಲೆನ್ಸ್ ಎಂಬ ಚಕ್ರ. ಕೂದಲಿನಂತೆ ತೆಳುವಾದ ಸುರುಳಿ ಸ್ಪ್ರಿಂಗಿನ ಬಲದಿಂದ ಅದು ಅತ್ತಿತ್ತ ತೂಗಾಡುತ್ತಿರುವುದು. ಈಗಿನ ಬಹು ಗಡಿಯಾರಗಳಲ್ಲಿ ಅದು ಗಂಟೆಗೆ ೨೮,೮೦೦ ಸಲ ತಾಳ ಹಾಕುತ್ತದೆ; ದಿನಕ್ಕೆ ೬,೯೧,೨೦೦. ದಿನಕ್ಕೆ ಐದು ಸೆಕೆಂಡಿನ ತಪ್ಪೆಂದರೆ ಹದಿನೇಳು ಸಾವಿರದಲ್ಲಿ ಒಂದು ಪಾಲಿನ ತಪ್ಪು. ಬ್ಯಾಟರಿಯ ಗಡಿಯಾರದ ಮುಂದೆ ಇದು ಸೋತರೂ, ಬೆರಳಗಲದ ಜಾಗದಲ್ಲಿ ಉಕ್ಕು ಹಿತ್ತಾಳೆಗಳಿಂದ ಮಾಡಿ, ಕೈಗೆ ಕಟ್ಟಿಕೊಂಡು, ಬಿಸಿಲಲ್ಲಿ ಬಸ್ಸಿಗೆ ಓಡುವಾಗಲೂ ಈ ಲೆಕ್ಕ ತಪ್ಪದಿರುವುದು ಸಾಮಾನ್ಯ ಸಂಗತಿಯೆ?

ಸೆಕೆಯಾದರೆ ಹಿಂದಿನ ಕಾಲದ ಉಕ್ಕಿನ ಸುರುಳಿ ಸಡಿಲಗೊಂಡು ಗಡಿಯಾರ ನಿಧಾನವಾಗುತ್ತಿತ್ತು. ಗಡಿಯಾರದ ಸೀಮೆಯಲ್ಲಿಯೇ ಹುಟ್ಟಿ ಬೆಳೆದ ಷಾರ್ಲ್ ಎದುವಾರ್ ಗಿಯೋಮ್ ಎಂಬ ವಿಜ್ಞಾನಿಯು ನಿಕ್ಕಲ್ ಬೆರಸಿದ ಉಕ್ಕುಗಳನ್ನು ಶೋಧಿಸಿ ಈ ತೊಂದರೆಯನ್ನು ಬಹುವಾಗಿ ನೀಗಿಸಿದನು. ೧೯೨೦ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಅವನಿಗೆ ಬಂದುದು ಆ ಉಕ್ಕುಗಳ ಶೋಧನೆಗಾಗಿ. ಡಯಲಿನ ಮೇಲೆ ‘೧೭ ಜ್ಯುಯೆಲ್ಸ್’ ಎಂದು ಬರೆದಿರುವುದನ್ನು ಓದಿ ಒಳಗೆ ಹದಿನೇಳು ರತ್ನಗಳಿವೆಯೆಂದು ಹಿಗ್ಗುವವರುಂಟು. ಅವು ಚಕ್ರದ ಅಚ್ಚು ಸವೆಯದಂತೆ ಕೂರಿಸಿದ ಕೆಂಪು ಕಲ್ಲುಗಳು ನಿಜ. ಆದರೆ ಕುಲುಮೆಯಲ್ಲಿ ತಯಾರಾದುವು. ಫ್ರಾನ್ಸಿನ ವೆರ್ನ್ಯೂಯಿ ೧೯೦೨ರಲ್ಲಿ ಕೃತಕ ಕೆಂಪನ್ನು ಮಾಡುವ ಕ್ರಮವನ್ನು ಪ್ರಕಟಿಸಿದ ಮೇಲೆ ಅವುಗಳ ಬೆಲೆ ಅತ್ಯಲ್ಪ. ಕಲ್ಲಿನ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಗಡಿಯಾರ ಉತ್ತಮವಾಗದು.

ಹಾಗಾದರೆ ಬೆಲೆ ಏರುವುದು ಯಾವುದರಿಂದ? ಒಂದು ಪಾಲು ನಿಜವಾದ ಕೈಗೆಲಸದಿಂದ. ಜಿನೀವಾ ನಗರದ ಉತ್ತರಕ್ಕೆ ಜ್ಯೂರಾ ಬೆಟ್ಟಗಳ ನಡುವೆ, ಸಮುದ್ರಮಟ್ಟಕ್ಕೆ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಜೂ ಕಣಿವೆಯಿದೆ. ಚಳಿಗಾಲದಲ್ಲಿ ಹಿಮ ಬಿದ್ದು ಹೊಲದ ಕೆಲಸ ನಿಂತಾಗ ಅಲ್ಲಿನ ಒಕ್ಕಲಿಗರು ಕಿಟಕಿಯ ಬೆಳಕಿನಲ್ಲಿ ಕುಳಿತು ಗಡಿಯಾರದ ಬಿಡಿಭಾಗಗಳನ್ನು ಅರದಿಂದ ಉಜ್ಜಿ ಮಾಡುತ್ತಿದ್ದರು. ೧೮೩೩ರಲ್ಲಿ ಆರಂಭವಾದ ಈಗಿನ ಜೇಗರ್ ಲೆಕುಲ್ತ್ರ್, ೧೮೭೫ರ ಓದ್ಮಾರ್ ಪಿಗೆ ಎಂಬ ಕಾರ್ಖಾನೆಗಳು ಆ ಕಣಿವೆಯವೇ. ಇಂತಹ ಮನೆತನದ ಗಡಿಯಾರವನ್ನು ಭೂತಗಾಜಿನಡಿಯಲ್ಲಿ ನೋಡಿದರೆ, ಯಾರ ಕಣ್ಣಿಗೂ ಬೀಳದ ತಟ್ಟೆಯ ಒಳ ಅಂಚನ್ನು ಸಹ ಓರೆಯಾಗಿ ತೀಡಿ ಹೊಳಪು ಕೊಟ್ಟಿರುವುದು ಕಾಣುವುದು. ಅದಕ್ಕೆ ದಿನಗಟ್ಟಲೆ ಕೂಲಿ ಬೀಳುವುದು. ಆ ಕೂಲಿಯನ್ನು ಕೊಡಲೊಪ್ಪುವವರು ಸಂತೋಷದಿಂದ ಕೊಡಲಿ.

ಇನ್ನೊಂದು ಪಾಲು ಚಮತ್ಕಾರಗಳಿಂದ. ಬ್ರೆಗೆ ಎಂಬ ಮಹಾ ಕುಶಲಿಯು ೧೮೦೧ರಲ್ಲಿ ಪ್ಯಾರಿಸಿನಲ್ಲಿ ‘ಟೂರ್ಬಿಯೋ’ ಎಂಬ ಏರ್ಪಾಡಿಗೆ ಸನ್ನದು ಪಡೆದನು. ಜೇಬಿನಲ್ಲಿ ನೆಟ್ಟಗೆ ನಿಂತಿರುವ ಗಡಿಯಾರದ ತಾಳವು ಭೂಮಿಯ ಸೆಳೆತದಿಂದ ಕೆಡದಂತೆ ಆ ಭಾಗವನ್ನೇ ತಿರುಗಿಸುವ ಯುಕ್ತಿ ಅದು. ಸದಾ ಆಡುತ್ತಿರುವ ಮಣಿಕಟ್ಟಿನ ಮೇಲೆ ಅದರಿಂದ ಆಗುವ ಪ್ರಯೋಜನ ಅತ್ಯಲ್ಪ; ಬೆಲೆ ಮಾತ್ರ ಗಗನಕ್ಕೇರಿದೆ. ಅಧಿಕ ವರ್ಷವನ್ನೂ ತಾನೇ ಲೆಕ್ಕ ಹಾಕಿ ಫೆಬ್ರವರಿ ೨೯ನ್ನು ತೋರಿಸುವ ಗಡಿಯಾರಗಳುಂಟು. ಅವೂ ೨೧೦೦ನೆಯ ಇಸವಿಯಲ್ಲಿ ತಪ್ಪಿಬೀಳುವುವು. ಆ ವರ್ಷ ನಾಲ್ಕರಿಂದ ಭಾಗವಾದರೂ ಅಧಿಕ ವರ್ಷವಲ್ಲ. ಚಮತ್ಕಾರ ಹೆಚ್ಚಿದಷ್ಟೂ ಬಿಚ್ಚಬಲ್ಲವರು ಕಡಮೆಯಾಗುವರೆಂಬುದು ಮರೆಯಬಾರದ ಮಾತು.

ಮೂರನೆಯ ಪಾಲು ಹೆಸರಿನದು. ಲೋಹದ ಬೆಲೆಗೂ ಗಡಿಯಾರದ ಬೆಲೆಗೂ ಸಂಬಂಧ ತಪ್ಪಿ ಬಹಳ ಕಾಲವಾಯಿತು. ಓದ್ಮಾರ್ ಪಿಗೆಯವರು ೧೯೭೨ರಲ್ಲಿ ಬರಿಯ ಉಕ್ಕಿನ ಗಡಿಯಾರವೊಂದನ್ನು ಅನೇಕ ಚಿನ್ನದ ಗಡಿಯಾರಗಳಿಗಿಂತ ಹೆಚ್ಚಿನ ಬೆಲೆಗೆ ಪೇಟೆಗೆ ತಂದರು. ಜನ ಮೊದಮೊದಲು ನಕ್ಕು ಅನಂತರ ಸಾಲುಗಟ್ಟಿದರು. ಜೇಗರ್ ಲೆಕುಲ್ತ್ರ್ ಅವರ ಮುಖ ಮಗುಚುವ ಗಡಿಯಾರದ ಕಥೆಯಲ್ಲಿ ನಮ್ಮ ದೇಶಕ್ಕೂ ಪಾಲುಂಟು. ಇಂಡಿಯಾದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಪೋಲೋ ಆಡುವಾಗ ಗಡಿಯಾರದ ಗಾಜು ಒಡೆಯುತ್ತದೆಂದು ದೂರಲು, ಗಾಜನ್ನು ಒಳಮುಖವಾಗಿ ತಿರುಗಿಸಿಡಬಹುದಾದ ಗಡಿಯಾರ ೧೯೩೧ರಲ್ಲಿ ಹುಟ್ಟಿತೆಂದು ಆ ಕಾರ್ಖಾನೆಯವರು ಹೇಳಿಕೊಳ್ಳುವರು. ಕಥೆ ಚೆನ್ನಾಗಿದೆ. ಆದರೆ ಕಥೆಗೂ ನಾವು ದುಡ್ಡು ತೆರುತ್ತೇವೆಂಬುದು ನೆನಪಿರಲಿ.

ಡಯಲಿನ ಕೆಳಗಿನ ‘ಸ್ವಿಸ್ ಮೇಡ್’ ಎಂಬ ಎರಡು ಮಾತುಗಳಿಗೂ ಕಾಯಿದೆಯ ಅರ್ಥವಿದೆ. ೨೦೧೭ನೆಯ ಜನವರಿ ೧ರಿಂದ, ತಯಾರಿಕೆಯ ವೆಚ್ಚದಲ್ಲಿ ನೂರಕ್ಕೆ ಅರುವತ್ತಾದರೂ ಸ್ವಿಟ್ಸರ್ಲೆಂಡಿನಲ್ಲಿ ಆಗಿರಬೇಕು. ಒಳಗಿನ ಯಂತ್ರ ಅಲ್ಲಿನದಾಗಿರಬೇಕು. ಅಲ್ಲಿಯೇ ಜೋಡಿಸಿ ಕಡೆಯ ಪರೀಕ್ಷೆ ಮಾಡಿರಬೇಕು. ಉಳಿದ ನಲವತ್ತು ಎಲ್ಲಿಂದಲಾದರೂ ಬಂದೀತು. ಕ್ರೊನಾಮೀಟರ್ ಬಿರುದಿಗೆ ಯಂತ್ರವನ್ನು ಹದಿನೈದು ದಿನ, ಐದು ಭಂಗಿಗಳಲ್ಲಿ, ಮೂರು ಬಗೆಯ ಉಷ್ಣತೆಯಲ್ಲಿ ಇಟ್ಟು ನೋಡುತ್ತಾರೆ. ಇವೆಲ್ಲ ಒಳ್ಳೆಯ ಗುರುತುಗಳೇ. ಆದರೆ ಹೊಸ ಗಡಿಯಾರದ ಗುಣವನ್ನು ಹೇಳುವುವೇ ಹೊರತು ಇಪ್ಪತ್ತು ವರ್ಷಗಳ ಅನಂತರದ ಸ್ಥಿತಿಯನ್ನು ಹೇಳುವುದಿಲ್ಲ.

ಇಪ್ಪತ್ತು ವರ್ಷಗಳ ಅನಂತರದ ಸ್ಥಿತಿಯನ್ನು ತಿಳಿಯಬೇಕಾದರೆ ಜಿನೀವಾಕ್ಕೆ ಹೋಗಬೇಕಾದುದಿಲ್ಲ. ಮನೆಯ ಬೀರುವನ್ನು ತೆರೆದರೆ ಸಾಕು. ಎಚ್.ಎಂ.ಟಿ. ಸಂಸ್ಥೆಯವರು ಜಪಾನಿನ ಸಿಟಿಜನ್ ಕಾರ್ಖಾನೆಯ ನೆರವಿನಿಂದ ೧೯೬೧ರಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ಕೆಲಸವನ್ನು ಆರಂಭಿಸಿದರು. ಮುಂದೆ ತುಮಕೂರಿನಲ್ಲಿಯೂ ಒಂದು ಕಾರ್ಖಾನೆ ಎದ್ದಿತು. ಜನತಾ, ಪೈಲಟ್, ಸೋನಾ, ಕೋಹಿನೂರ್ ಎಂಬ ಹೆಸರುಗಳನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಪರೀಕ್ಷೆ ಪಾಸಾದ ಹುಡುಗನಿಗೆ, ಮದುವೆಯ ವರನಿಗೆ, ನಿವೃತ್ತನಾದ ಗುಮಾಸ್ತನಿಗೆ ಅದೇ ಉಡುಗೊರೆ. ಹೊಸ ಕಾಲದ ಬಿರುಗಾಳಿಯನ್ನು ತಾಳಲಾರದೆ ಆ ಉದ್ಯಮ ಸೊರಗಿತು. ೨೦೧೬ನೆಯ ಜನವರಿಯಲ್ಲಿ ಅದರ ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ ನಿರ್ಧರಿಸಿತು. ಆದರೆ ಗಡಿಯಾರಗಳು ನಿಂತುವೆ? ತಂದೆಯ ಜನತಾ ಗಡಿಯಾರವನ್ನು ತೊಳೆಸಿ ಎಣ್ಣೆ ಹಾಕಿಸಿ ಕಟ್ಟಿಕೊಂಡಿರುವ ಮಕ್ಕಳು ಈಗಲೂ ಎಷ್ಟೋ ಮಂದಿಯಿರುವರು. ಕಾರಣವೇನೆಂದರೆ, ಯಂತ್ರ ಸರಳ. ಒಂದೇ ಬಗೆಯದು ಲಕ್ಷಗಟ್ಟಲೆಯಾಗಿ ಹೊರಬಿದ್ದುದರಿಂದ ಬಿಡಿಭಾಗ ಸಿಕ್ಕುವುದು. ಒಂದು ಕಣ್ಣಿಗೆ ಮಸೂರವನ್ನು ಸಿಕ್ಕಿಸಿಕೊಂಡು ಗೂಡಂಗಡಿಯಲ್ಲಿ ಕುಳಿತ ಯಾವ ರಿಪೇರಿಯವನಾದರೂ ಅದನ್ನು ಕಣ್ಣು ಮುಚ್ಚಿ ಬಿಚ್ಚಬಲ್ಲನು. ಹುಟ್ಟಿದ ಕಾರ್ಖಾನೆಗಿಂತ ಹೆಚ್ಚು ಕಾಲ ಬಾಳಿದ ಗಡಿಯಾರಗಳು ಅವು.

ಈ ಅಳತೆಗೋಲನ್ನು ಹಿಡಿದು ಮೂರು ಲಕ್ಷದ ಗಡಿಯಾರವನ್ನು ನೋಡೋಣ. ಈಚೆಗೆ ಪೇಟೆಯಲ್ಲಿ ಒಂದು ಮಾತು ಬಹಳ ಪ್ರಚಾರದಲ್ಲಿದೆ: ‘ನಮ್ಮ ಸ್ವಂತ ಕಾರ್ಖಾನೆಯಲ್ಲಿಯೇ ಮಾಡಿದ ಯಂತ್ರ’ ಎಂದು. ಅನೇಕ ಹೆಸರಿನ ಗಡಿಯಾರಗಳೊಳಗೆ ಇರುವುದು ಈಟಿಎ, ಸೆಲ್ಲಿಟಾ ಎಂಬ ಕಾರ್ಖಾನೆಗಳು ಸಗಟಾಗಿ ಮಾಡುವ ಯಂತ್ರ. ಎಪ್ಪತ್ತು ಸಾವಿರದ ಗಡಿಯಾರದಲ್ಲಿಯೂ ಎರಡು ಲಕ್ಷದ ಗಡಿಯಾರದಲ್ಲಿಯೂ ಒಂದೇ ವಂಶದ ಯಂತ್ರವಿರುವುದುಂಟು. ತಿಳಿದವರು ಇದನ್ನು ಕಂಡು ಮೂಗು ಮುರಿಯುವರು. ಗೃಹಸ್ಥರಾದವರು ಮೂಗು ಮುರಿಯಬೇಕಾದುದಿಲ್ಲವೆಂದು ನಮ್ಮ ಮತ. ಸಗಟು ಯಂತ್ರವನ್ನು ಪಳಗಿದ ಯಾವ ರಿಪೇರಿಯವರಾದರೂ ಬಲ್ಲರು. ಹಳೆಯದು ಪೂರ್ತಿ ಕೆಟ್ಟರೆ ಅದೇ ಅಳತೆಯ ಮತ್ತೊಂದನ್ನು ಕೂರಿಸಬಹುದು. ಸ್ವಂತ ಯಂತ್ರವಾದರೆ ಅದರ ತಯಾರಕರೇ ಬಿಚ್ಚಬೇಕು. ಹಲವು ತಯಾರಕರು ಹೊರಗಿನವರಿಗೆ ಬಿಡಿಭಾಗಗಳನ್ನು ಮಾರುವುದೇ ಇಲ್ಲ. ಅವರ ಮನೆಬಾಗಿಲಿನಲ್ಲಿ ಅವರು ಹೇಳಿದ ದರಕ್ಕೆ, ಅವರು ಹೇಳಿದಷ್ಟು ತಿಂಗಳು ಕಾಯಬೇಕು.

ಹಾಗೆಂದು ಸ್ವಂತ ಯಂತ್ರವೆಲ್ಲ ಕೆಟ್ಟದ್ದೆಂದಲ್ಲ. ಪಾಟೆಕ್ ಫಿಲಿಪ್ ಎಂಬ ಮನೆಯವರು ೧೮೩೯ರಲ್ಲಿ ತಾವು ಆರಂಭಿಸಿದಂದಿನಿಂದ ಮಾಡಿದ ಯಾವ ಗಡಿಯಾರವನ್ನಾದರೂ ರಿಪೇರಿ ಮಾಡಿಕೊಡುವುದಾಗಿ ಸಾರಿರುವರು. ಅದು ಬೆಲೆಯ ಅರ್ಥವುಳ್ಳ ಮಾತು. ಆದರೆ ಅವರ ಗಡಿಯಾರ ಈ ಉಪಾಧ್ಯಾಯರ ಮೂರು ಲಕ್ಷಕ್ಕೆ ಬಹು ದೂರ. ಓರಿಸ್ ಕಾರ್ಖಾನೆಯವರು ೨೦೨೦ರಲ್ಲಿ ಹೊರತಂದ ಸ್ವಂತ ಯಂತ್ರವೊಂದಕ್ಕೆ, ಹೆಸರು ನೋಂದಾಯಿಸಿದವರಿಗೆ, ಹತ್ತು ವರ್ಷಗಳ ಹೊಣೆಯನ್ನು ಹೊತ್ತುಕೊಂಡರು. ೧೮೩೨ರಿಂದ ನಡೆದುಬಂದ ಲಾಂಜೀನ್ ಕಾರ್ಖಾನೆಯವರು ತಮ್ಮದೇ ಬಳಗಕ್ಕೆ ಸೇರಿದ ಈಟಿಎಯ ಯಂತ್ರಗಳನ್ನು ಬಳಸುವರು. ಮೂರು ಲಕ್ಷದೊಳಗೆ ನೋಡುವವರು ಇಂತಹ ಮನೆಗಳಿಂದ ಆರಂಭಿಸಬಹುದು. ಯಾವುದೇ ಆಗಲಿ, ಮೂರು ಮುಳ್ಳು, ಬೇಕಾದರೆ ತಾರೀಖು. ಅಷ್ಟಕ್ಕೇ ನಿಲ್ಲಿಸುವುದು ಕ್ಷೇಮ. ಓಟದ ಪಂದ್ಯ ಅಳೆಯುವ ಕ್ರೊನೊಗ್ರಾಫ್ ಬೇಕೆಂದರೆ ಪ್ರತಿಯೊಂದು ರಿಪೇರಿಗೂ ಹೆಚ್ಚಿನ ಹಣ ತೆತ್ತುಕೊಳ್ಳಬೇಕಾಗುವುದು.

ಒಳಗಿನ ಎಣ್ಣೆ ಒಣಗುವುದು ತಪ್ಪದ ಸಂಗತಿ. ತಯಾರಕರ ಸಲಹೆಯಂತೆ ಐದರಿಂದ ಹತ್ತು ವರ್ಷಗಳಿಗೊಮ್ಮೆ ಇಡೀ ಯಂತ್ರವನ್ನು ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು. ಹೆಸರಾಂತ ಮನೆಗಳ ಸ್ವಂತ ಸರ್ವೀಸಿನಲ್ಲಿ ಒಂದು ಸಲಕ್ಕೆ ಹತ್ತಾರು ಸಾವಿರ ರೂಪಾಯಿ ಹಿಡಿಯುವುದು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮೂರು ಸಲ ಈ ವೆಚ್ಚ ಬಂದೀತೆಂದು ಲೆಕ್ಕ ಹಾಕಿ, ಆ ಮೊತ್ತವನ್ನು ಮೂರು ಲಕ್ಷದೊಳಗಿಂದಲೇ ಕಳೆದು, ಉಳಿದುದರಲ್ಲಿ ಗಡಿಯಾರವನ್ನು ಹುಡುಕುವುದು ವಿವೇಕ. ನಿವೃತ್ತರ ವರಮಾನ ಏರುವುದಿಲ್ಲ. ಸರ್ವೀಸಿನ ದರ ಏರುವುದು. ನಾವು ಒಂದು ದೊಡ್ಡ ಅಂಗಡಿಯಲ್ಲಿ “ಇದನ್ನು ತೊಳೆಸಲು ಎಲ್ಲಿಗೆ ಕಳುಹಿಸುವಿರಿ, ಎಷ್ಟಾಗುವುದು, ಎಷ್ಟು ದಿನ?” ಎಂದು ಕೇಳಿದೆವು. ಉತ್ತರಕ್ಕೆ ಬದಲಾಗಿ ಬೆಳ್ಳಿಯ ತಟ್ಟೆಯಲ್ಲಿ ಕಾಫಿ ಬಂದಿತು. ಕಾಫಿ ಚೆನ್ನಾಗಿತ್ತು, ಆದರೆ ಇಂತಹ ಅಂಗಡಿಯಿಂದ ಎದ್ದು ಬರುವುದೇ ಲೇಸು. ಊರಿನ ಹೆಸರು, ಅಂದಾಜು ದರ, ಕಾಲಾವಧಿ, ಈ ಮೂರನ್ನೂ ಕಾಗದದ ಮೇಲೆ ಬರೆದುಕೊಡುವ ಅಂಗಡಿಯೇ ಅಂಗಡಿ.

ಕೊಳ್ಳುವ ದಿನ ಗಡಿಯಾರವನ್ನು ಕೈಗೆ ಕಟ್ಟಿಯೇ ನೋಡಬೇಕು. ಚಿತ್ರ ನೋಡಿ ತರಿಸಬಾರದು. ಪಟ್ಟಿ ಸಿಕ್ಕಿಸುವ ಮೇಲಿನ ಕಿವಿಯಿಂದ ಕೆಳಗಿನ ಕಿವಿಯವರೆಗಿನ ಉದ್ದವು ಮಣಿಕಟ್ಟಿನ ಅಗಲವನ್ನು ಮೀರಿದರೆ ಚೆನ್ನಾಗಿ ಕೂರದು, ಬಾಗಿಲಿಗೆ ಗೋಡೆಗೆ ತಾಕುವುದು. ನಾಲ್ವತ್ತು ಮಿಲಿಮೀಟರು ಮೀರಿದ ತಟ್ಟೆಗಳೇ ಈಗಿನ ಷೋಕಿ. ಆದರೆ ಮಗಳಿಗೂ ಆಗಬೇಕೆಂಬ ಸಂಕಲ್ಪವಿದ್ದರೆ ಮೂವತ್ತಾರರ ಆಸುಪಾಸಿನದನ್ನು ಆರಿಸಬೇಕು. ತಂದೆಯ ಕೈಗೂ ಅದು ಒಪ್ಪುವುದು. ಮಗಳನ್ನು ಅಂಗಡಿಗೆ ಕರೆದೊಯ್ದರೆ ಇನ್ನೂ ಉತ್ತಮ. ಕೈಗಡಿಯಾರವು ಮೂಲದಲ್ಲಿ ಹೆಂಗಸರ ಒಡವೆಯೇ; ಪಾಟೆಕ್ ಫಿಲಿಪ್ ಮನೆಯವರು ೧೮೬೮ರಲ್ಲಿ ತಮ್ಮ ಮೊದಲ ಕೈಗಡಿಯಾರವನ್ನು ಮಾಡಿಕೊಟ್ಟುದು ಹಂಗೇರಿ ದೇಶದ ಕೌಂಟೆಸ್ ಒಬ್ಬಳಿಗೆ. ಗಂಡಸರು ಜೇಬಿನ ಗಡಿಯಾರವನ್ನು ಬಿಟ್ಟು ಇದನ್ನು ಕಟ್ಟಿಕೊಂಡುದು ಹೆಚ್ಚಾಗಿ ಮೊದಲನೆಯ ಮಹಾಯುದ್ಧದ ತರುವಾಯ. ಬಳೆ ತೊಡುವವರು ಬಳೆಯ ಕೈ ಬಿಟ್ಟು ಇನ್ನೊಂದು ಕೈಗೆ ಕಟ್ಟಿಕೊಳ್ಳಲಿ. ನೀಲಮಣಿಯಷ್ಟು ಗಡುಸಾದ ಸಫೈರ್ ಗಾಜು ಗೀರು ಬೀಳದೆ ಉಳಿದೀತು. ಚಿನ್ನದ ಕಟ್ಟು ಉಳಿಯದು.

‘ನೀರಿಗೆ ೩೦ ಮೀಟರ್’ ಎಂದು ಬರೆದಿರುವುದನ್ನು ಕಂಡು ಬಾವಿಗೆ ಧುಮುಕಬಾರದು. ಅದು ಪರೀಕ್ಷಾಲಯದ ಒತ್ತಡದ ಲೆಕ್ಕ. ಕೈ ತೊಳೆಯುವಾಗ ಸಿಡಿಯುವ ಹನಿಗೆ, ಮಳೆಗೆ ಸಾಕು. ಈಜುವವರಿಗೆ ನೂರು ಬೇಕು. ಬಿಸಿನೀರಿನ ಸ್ನಾನಕ್ಕೆ ಯಾವುದನ್ನೂ ಕಟ್ಟಿಕೊಂಡು ಹೋಗಬಾರದು. ನಮ್ಮ ಕರಾವಳಿಯ ಸೆಖೆಯಲ್ಲಿ ಚರ್ಮದ ಪಟ್ಟಿ ಬೇಗ ಕೊಳೆಯುವುದರಿಂದ ಆ ಕಡೆಯವರಿಗೆ ಉಕ್ಕಿನ ಚೈನೇ ಮೇಲು.

ಹಣದ ವ್ಯವಹಾರಕ್ಕೆ ಬರೋಣ. ತಯಾರಕರು ಅಧಿಕೃತವಾಗಿ ನೇಮಿಸಿದ ಅಂಗಡಿಯಲ್ಲಿ ಕೊಂಡರೆ ಗ್ಯಾರಂಟಿ ಚೀಟಿಗೆ ಬೆಲೆಯುಂಟು. ಅದರಲ್ಲಿ ಗಡಿಯಾರದ ಸಂಖ್ಯೆ, ತಾರೀಖು, ಅಂಗಡಿಯ ಮೊಹರು ಇವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ಕೆಲವು ಹೆಸರುಗಳ ಗಡಿಯಾರಕ್ಕೆ ಹಣ ಹಿಡಿದು ನಿಂತರೂ ವರ್ಷಗಟ್ಟಲೆ ಕಾಯಬೇಕು. ಬೇಡದ ಮತ್ತೊಂದನ್ನು ಕೊಂಡರೆ ಬೇಕಾದುದು ಬೇಗ ಬರುವುದೆಂಬ ಸೂಚನೆಯೂ ಸಿಕ್ಕುವುದುಂಟು. ಅಂತಹ ಕಡೆಗೆ ಗೃಹಸ್ಥರು ಹೋಗಬೇಕಾದ ಕಾರಣ ನಮಗೆ 
ಕಾಣದು. ಅಷ್ಟು ಬೇಡಿಕೆಯಿಲ್ಲದ ಹೆಸರುಗಳಲ್ಲಿ ನಯವಾಗಿ ಕೇಳಿದರೆ ಬೆಲೆ ಸ್ವಲ್ಪ ಇಳಿಯುವುದು, ಕೇಳಲು ನಾಚಿಕೊಳ್ಳಬಾರದು. ದುಬಾಯಿಯಿಂದ ಬರುವ ನೆಂಟರ ಕೈಯಲ್ಲಿ ತರಿಸುವವರು ಸುಂಕದ ಕಟ್ಟೆಯಲ್ಲಿ ಹೇಳಿ, ಕೊಡಬೇಕಾದ ಸುಂಕವನ್ನು ಕೊಟ್ಟು ರಸೀತಿ ಪಡೆಯಲಿ. ನೆಂಟರನ್ನು ಕಳ್ಳಸಾಗಣೆಗಾರರನ್ನಾಗಿ ಮಾಡುವುದು ಸಲ್ಲದು. ಸ್ವಿಟ್ಸರ್ಲೆಂಡ್ ಮೊದಲಾದ ನಾಲ್ಕು ದೇಶಗಳೊಡನೆ ೨೦೨೪ರ ಮಾರ್ಚ್ ತಿಂಗಳಲ್ಲಿ ಆದ ವ್ಯಾಪಾರದ ಒಪ್ಪಂದವು ೨೦೨೫ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಅದರಂತೆ ಸ್ವಿಸ್ ಗಡಿಯಾರದ ಸುಂಕ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಬೇಕಾಗಿದೆ. ಅವಸರವಿಲ್ಲದವರು ಇದನ್ನೂ ಗಮನಿಸಬಹುದು. ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ತೆಗೆದುಕೊಳ್ಳಲು ಅಂಗಡಿಯವರಿಗೆ ಕಾಯಿದೆಯ ಅಡ್ಡಿಯಿದೆ. ನಗದು ತನ್ನಿ, ಬಿಲ್ಲು ಬೇಡ ಎಂಬವರ ಗಡಿಯಾರವೂ ಬೇಡ.

ಹಳೆಯ ಗಡಿಯಾರವನ್ನು ಕೊಳ್ಳುವ ಆಸೆ ಕೆಲವರಿಗುಂಟು. ಫಾವ್ರ್ ಲೂಬಾದವರು ೧೮೬೫ರಲ್ಲಿಯೂ, ವೆಸ್ಟ್ ಎಂಡಿನವರು ೧೮೮೬ರಲ್ಲಿಯೂ ಮುಂಬಯಿಯಲ್ಲಿ ಕಾಲಿಟ್ಟುದರಿಂದ ನಮ್ಮ ದೇಶದಲ್ಲಿ ಹಳೆಯ ಸ್ವಿಸ್ ಗಡಿಯಾರಗಳಿಗೆ ಬರವಿಲ್ಲ. ಅಷ್ಟೇ ನಕಲೂ ಇದೆ. ಸವೆದ ಡಯಲಿಗೆ ಹೊಸ ಬಣ್ಣ ಬಳಿದು, ದೊಡ್ಡ ಹೆಸರನ್ನು ಅಚ್ಚೊತ್ತಿ, ಒಳಗೆ ಮತ್ತಾವುದೋ ಯಂತ್ರವನ್ನು ಕೂರಿಸಿ ಮಾರುವ ಸರಕಿಗೆ ಬಲ್ಲವರು ‘ಮುಂಬಯಿ ಸ್ಪೆಷಲ್’ ಎಂದು ಹೆಸರಿಟ್ಟಿರುವರು. ಐವತ್ತು ವರ್ಷದ ಗಡಿಯಾರದ ಮುಖ ಮದುವಣಗಿತ್ತಿಯಂತೆ ಹೊಳೆಯುತ್ತಿದ್ದರೆ, ಅಕ್ಷರದ ಸಾಲು ಸೊಟ್ಟಗಿದ್ದರೆ ಸಂಶಯಪಡಬೇಕು. ಹಿಂದಿನ ಮುಚ್ಚಳವನ್ನು ತೆಗೆಸಿ ಯಂತ್ರದ ಮೇಲಿನ ಹೆಸರನ್ನು ಓದಬೇಕು. ಟೈಮ್‌ಗ್ರಾಫರ್ ಎಂಬ ಉಪಕರಣದ ಮೇಲೆ ಗಡಿಯಾರವನ್ನಿಟ್ಟರೆ ಅದು ಟಿಕ್ ಸದ್ದನ್ನು ಕೇಳಿ ಒಂದೆರಡು ನಿಮಿಷದಲ್ಲಿ ಯಂತ್ರದ ನಡಗೆಯನ್ನು ಹೇಳುವುದು. ಬ್ಯಾಲೆನ್ಸ್ ಚಕ್ರದ ತೂಗು, ಪೂರ್ತಿ ಕೀಲಿ ಕೊಟ್ಟಾಗ, ೨೭೦ ಡಿಗ್ರಿಯ ಸುತ್ತಮುತ್ತ ಅಥವಾ ಮೇಲಿದ್ದರೆ ಆರೋಗ್ಯ. ೨೦೦ಕ್ಕೆ ಇಳಿದಿದ್ದರೆ ಸರ್ವೀಸಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ ಎನ್ನಬೇಕು.

“ಇದು ಖರ್ಚಲ್ಲ, ಬಂಡವಾಳ” ಎಂದು ಅಂಗಡಿಯವರು ಹೇಳುವರು. ಇದನ್ನು ನಂಬಬೇಡಿರಿ. ೨೦೨೧ರಿಂದ ೨೦೨೨ರ ಆದಿಯವರೆಗೆ ಕೆಲವು ಗಡಿಯಾರಗಳು ಎರಡನೆಯ ಕೈಯ ಪೇಟೆಯಲ್ಲಿ ಅಂಗಡಿಯ ಬೆಲೆಗಿಂತ ಬಹು ಮಡಿಗೆ ಮಾರಿದುವು. ಅದೇ ವರ್ಷದಲ್ಲಿ ಇಳಿಮುಖವಾದುವು, ತುದಿಯಲ್ಲಿ ಕೊಂಡವರು ಕೈ ಸುಟ್ಟುಕೊಂಡರು. ಆ ಏರಿದುವೂ ಬೆರಳೆಣಿಕೆಯ ಹೆಸರುಗಳು. ಉಳಿದವುಗಳಲ್ಲಿ ಬಹುಪಾಲು ಗಡಿಯಾರಗಳ ಬೆಲೆ ಅಂಗಡಿಯ ಮೆಟ್ಟಿಲಿಳಿದ ಕೂಡಲೆ ಕುಗ್ಗುವುದು. ಕಷ್ಟಕಾಲಕ್ಕೆ ಆಗಲೆಂದು ಹಣ ಇಡುವವರಿಗೆ ಬ್ಯಾಂಕು, ಅಂಚೆ ಕಚೇರಿ, ಚಿನ್ನ ಇವೆ. ಮೂರು ಲಕ್ಷ ಹೋದರೂ ಮನೆಯ ಔಷಧಕ್ಕೆ, ಮಗಳ ಕೆಲಸಕಾರ್ಯಕ್ಕೆ ಎಳ್ಳಷ್ಟೂ ಕೊರತೆಯಾಗದೆಂಬ ಖಾತ್ರಿಯಿದ್ದರೆ ಮಾತ್ರ ಕೊಳ್ಳಬೇಕು. ಇಲ್ಲದಿದ್ದರೆ ಐವತ್ತು ಅರುವತ್ತು ಸಾವಿರದಲ್ಲಿಯೂ ತಲೆಮಾರು ಬಾಳುವ ಯಂತ್ರ ಸಿಕ್ಕುವುದು.

ಕೊಂಡ ಮೇಲಿನ ಮಾತು ಸ್ವಲ್ಪವೇ. ಕೈಯಿಂದ ಕೀಲಿ ಕೊಡುವುದಾದರೆ ದಿನವೂ ಒಂದೇ ಹೊತ್ತಿಗೆ, ಗಡಿಯಾರವನ್ನು ಕೈಯಿಂದ ಬಿಚ್ಚಿ, ಬಿಗಿ ಹತ್ತುವವರೆಗೆ ನಿಧಾನವಾಗಿ ತಿರುಗಿಸಬೇಕು. ತಾನೇ ಕೀಲಿ ತುಂಬಿಕೊಳ್ಳುವ ಆಟೊಮ್ಯಾಟಿಕ್ ಆದರೆ ಕಟ್ಟಿಕೊಂಡು ಓಡಾಡಿದರೆ ಸಾಕು. ತಾರೀಖು ತೋರುವ ಗಡಿಯಾರದಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖನ್ನು ಕೈಯಿಂದ ಬದಲಾಯಿಸಬಾರದು. ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ಅದೇ ಕೆಲಸದಲ್ಲಿದ್ದು ಮುರಿಯುವ ಸಂಭವವುಂಟು. ಫೋನಿನ ಚೀಲದ ಅಯಸ್ಕಾಂತ, ಧ್ವನಿವರ್ಧಕ ಇವುಗಳ ಪಕ್ಕದಲ್ಲಿಟ್ಟು ಮಲಗಬಾರದು. ಗಡಿಯಾರ ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೋಡಿದರೆ ಸುರುಳಿಗೆ ಅಯಸ್ಕಾಂತ ಹಿಡಿದಿರುವುದೇ ಸಾಮಾನ್ಯವಾಗಿ ಕಾರಣ. ರಿಪೇರಿಯವನು ನಿಮಿಷದಲ್ಲಿ ಬಿಡಿಸಿಕೊಡುವನು, ಇಡೀ ಸರ್ವೀಸು ಮಾಡಿಸಬೇಕೆಂದರೆ ಒಪ್ಪಬೇಡಿರಿ.

ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಬಿಟ್ಟು ಗಡಿಯಾರದ ಸಂಖ್ಯೆ, ಕೊಂಡ ತಾರೀಖು, ಬಿಲ್ಲಿನ ಮೊತ್ತ, ತೊಳೆಸಿದ ತಾರೀಖು, ಬಿಚ್ಚಿದವರ ಹೆಸರು ಇಷ್ಟನ್ನು ಬರೆದಿಡಿರಿ. ಚೀಟಿ, ಡಬ್ಬಿಗಳನ್ನು ಗಡಿಯಾರವಿರುವ ಜಾಗದಲ್ಲಿಯೇ ಇಡದೆ ಬೇರೆ ಕಡೆ ಇಡಿರಿ. ಕಳವಾದರೆ ಪೊಲೀಸಿನವರು ಮೊದಲು ಕೇಳುವುದು ಸಂಖ್ಯೆಯನ್ನು. ಮಗಳಿಗೆ ಕೊಡುವ ದಿನ ಆ ಪುಟವನ್ನೂ ಕೊಡಬೇಕು.

ಮುಂದಿನ ತಿಂಗಳು ಹೊಲಿಗೆಯ ಯಂತ್ರಗಳ ವಿಷಯವಾಗಿ ಬರೆಯುವೆವು. ಕೈಯಿಂದ ತಿರುಗಿಸುವ ಹಳೆಯ ಯಂತ್ರವನ್ನು ಈಗಲೂ ನಡೆಸುತ್ತಿರುವ ಗೃಹಿಣಿಯರು ಅದರ ಸಂಗತಿಯನ್ನು ನಮಗೆ ತಿಳಿಸಿದರೆ ಉಪಕಾರವಾಗುವುದು.